ಕ್ಯಾಂಪಸ್ಸಿನ ಕಾರ್ಬನ್ ಲೆಕ್ಕದಲ್ಲಿ ಹಸಲರ ಮಾತಿಗೆ ಜಾಗ ಎಲ್ಲಿ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಪಿಎಚ್‌ಡಿಗೆ ಸೇರಿದ್ದೇನೆ. ನಮ್ಮ ಕ್ಯಾಂಪಸ್ಸನ್ನು ಕಾರ್ಬನ್ ನ್ಯೂಟ್ರಲ್ ಮಾಡುವ, ಅಂದರೆ ಅದು ಹೊರಬಿಡುವ ಕಾರ್ಬನ್ನಿನ ಲೆಕ್ಕವನ್ನು ಸೊನ್ನೆಗೆ ತರುವ ಮಾತು ನಡೆದಿದೆ. ಆ ಕೆಲಸಕ್ಕೆ ಮಲೆನಾಡಿನ ಆದಿವಾಸಿಗಳ, ಮುಖ್ಯವಾಗಿ ಹಸಲರು ಮತ್ತು ಗೌಡಲು ಸಮುದಾಯದವರ ತಿಳುವಳಿಕೆಯನ್ನು ಸೇರಿಸಿ ಪ್ರಬಂಧ ಬರೆಯಬೇಕೆಂದು ನನಗೆ ಆಸೆ. ಗೈಡ್ ಮಾತ್ರ "ಇದು ಸಮಾಜಶಾಸ್ತ್ರ, ವಿಜ್ಞಾನ ಅಲ್ಲ" ಎನ್ನುತ್ತಾರೆ. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮಿನ ಗೆಳತಿ ಹಸಲರವಳು. ಅವಳಿಗೆ ಈ ವಿಷಯ ಹೇಳಿದಾಗ "ನಮ್ಮಜ್ಜಿ ಹತ್ರ ಕೇಳಿ ಬರ್ಕೊಂಡು ಹೋದವರು ಒಬ್ರೂ ಮತ್ತೆ ಬಂದಿಲ್ಲ" ಎಂದಳು. ಅಂದಿನಿಂದ ನನಗೆ ಕೈಯೇ ಓಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅವಳ ಮಾತಿನಿಂದಲೇ ಶುರು ಮಾಡಿ. ಬೇರೆಲ್ಲ ಆಮೇಲೆ.

ಮಲೆನಾಡಿನ ಆದಿವಾಸಿ ಕೇರಿಗಳಿಗೆ ಸಂಶೋಧಕರು ಹೋಗುವುದು ಹೊಸತೇನಲ್ಲ. ಜಾನಪದದವರು ಹಾಡು ಬರೆದುಕೊಂಡರು. ಸಸ್ಯಶಾಸ್ತ್ರದವರು ಬೇರು ನಾರು ಕೇಳಿದರು. ಮಾನವಶಾಸ್ತ್ರದವರು ಮದುವೆ, ಸಾವು, ದೈವ ಎಲ್ಲ ಕೇಳಿದರು. ಈಗ ಹವಾಮಾನದವರ ಸರದಿ. ಕೇಳಿದವರಿಗೆ ಡಿಗ್ರಿ ಬಂತು. ಹೇಳಿದವರ ಕೇರಿಗೆ ಹೋಗುವ ರಸ್ತೆ ಎಷ್ಟೋ ಕಡೆ ಹಾಗೇ ಇದೆ. ಆ ಹುಡುಗಿಯ ಮಾತಿನಲ್ಲಿ ಇಷ್ಟೂ ಇದೆ.

ಹಾಗಾಗಿ ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಹಸಲರಿಗೆ ಏನು ಗೊತ್ತು?" ಎಂದು ಕೇಳುವುದಕ್ಕೆ ಮುಂಚೆ, "ಅವರು ಹೇಳಿದರೆ ನಮ್ಮ ಕ್ಯಾಂಪಸ್ಸಿನ ಯಾವ ತೀರ್ಮಾನ ಬದಲಾಗುತ್ತದೆ?" ಎಂದು ನಿಮ್ಮ ವಿಭಾಗದಲ್ಲಿ ಕೇಳಿ. ಯಾವ ಗಿಡ ನೆಡಬೇಕು, ಎಲ್ಲಿ ಕಟ್ಟಡ ಕಟ್ಟಬಾರದು, ಮೆಸ್ಸಿಗೆ ಏನು ಕೊಳ್ಳಬೇಕು, ದರಕು, ಅಂದರೆ ಉದುರಿದ ಒಣ ಎಲೆ, ಸುಡಬೇಕೋ ಬೇಡವೋ. ಇದರಲ್ಲಿ ಒಂದಾದರೂ ಅವರ ಮಾತಿನಿಂದ ಬದಲಾಗುವಂತಿರಬೇಕು. ಅವರು ಬೇಡ ಎಂದರೆ ನಿಲ್ಲುವಂತಿರಬೇಕು. ಹಾಗೆ ಒಂದೂ ಇಲ್ಲ ಎಂದಾದರೆ ಕೇರಿಗೆ ಹೋಗಬೇಡಿ. ಬರೀ ಕಾರ್ಬನ್ ಲೆಕ್ಕದ ಪ್ರಬಂಧ ಬರೆಯಿರಿ, ಅದೂ ಒಳ್ಳೆಯ ಕೆಲಸವೇ. ತೀರ್ಮಾನದಲ್ಲಿ ಪಾಲಿಲ್ಲದವರ ತಿಳುವಳಿಕೆಯನ್ನು ಒಂದು ಅಧ್ಯಾಯ ತುಂಬಿಸಲು ತಂದುಕೊಳ್ಳುವುದು ಮಾತ್ರ ತಪ್ಪು.

ಯಾರ ಮಾತು ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಿ. ಹಸಲರು, ಗೌಡಲು ಇಬ್ಬರೂ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಆ ಕಡೆ ಕೊಪ್ಪ, ಶೃಂಗೇರಿವರೆಗೂ ಇದ್ದಾರೆ. ಹೆಚ್ಚಿನವರು ಅಡಿಕೆ ತೋಟದ ಕೂಲಿ ಮತ್ತು ಕಾಡಿನ ಹುಟ್ಟುವಳಿ, ಈ ಎರಡರಲ್ಲಿ ಬದುಕುತ್ತಾರೆ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಇರುವ ತೋಟದ ಯಜಮಾನರಿಗೂ ಕಾಡಿನ ತಿಳುವಳಿಕೆ ತುಂಬಾ ಇದೆ, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅವರ ಹೆಸರಲ್ಲಿ ಪಹಣಿ ಇದೆ. ಅದೇ ಬೆಟ್ಟದಲ್ಲಿ ಸೊಪ್ಪು ಕಡಿದು ಹೊತ್ತವರ ಹೆಸರಲ್ಲಿ ಎಷ್ಟೋ ಸಲ ಮನೆಯಡಿಯ ಜಾಗವೂ ಇಲ್ಲ. ಇಬ್ಬರದನ್ನೂ "ಮಲೆನಾಡಿನ ಪಾರಂಪರಿಕ ಜ್ಞಾನ" ಎಂದು ಒಂದೇ ಗಂಟು ಕಟ್ಟಿದರೆ ಕೊನೆಗೆ ಯಾರ ದನಿ ಕೇಳುತ್ತದೆ ಎಂದು ನಿಮಗೇ ಗೊತ್ತು. ಜಗಲಿಯಲ್ಲಿ ಕೂತು ಕಾಫಿ ಕೊಟ್ಟು ಮಾತಾಡಿಸುವವರದ್ದೇ ಜಾಸ್ತಿ ಬರುತ್ತದೆ.

ಈಗ ಕ್ಯಾಂಪಸ್ಸಿನ ಲೆಕ್ಕಕ್ಕೆ ಬರೋಣ. ಅಳತೆಯ ಭಾಗ ಕಷ್ಟದ್ದಲ್ಲ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿಯುತ್ತಾರೆ. ಒಂದು ಕಿಲೋ ಅಡುಗೆ ಗ್ಯಾಸ್ ಸುಟ್ಟರೆ ಸುಮಾರು 3 ಕಿಲೋ. ಅಂದರೆ ಮೆಸ್ಸಿನ 19 ಕಿಲೋ ಸಿಲಿಂಡರ್ ಒಂದಕ್ಕೆ 57 ಕಿಲೋ ಹತ್ತಿರ. ಡೀಸೆಲ್ ಒಂದು ಲೀಟರಿಗೆ 2.7 ಕಿಲೋ ಹತ್ತಿರ. ಕರೆಂಟ್ ಬಿಲ್ಲು, ಸಿಲಿಂಡರ್ ಲೆಕ್ಕ, ಜನರೇಟರ್, ಬಸ್ಸು, ಬೈಕು ಎಲ್ಲ ಕೂಡಿಸಿದರೆ ಒಂದು ಮೊತ್ತ ಸಿಗುತ್ತದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರಿಗಾಗಿ ಹಸಿರು ಆಡಿಟ್ ಮಾಡುವಾಗ ಕಾಲೇಜುಗಳು ಹೇಗೂ ಇದನ್ನು ಸ್ವಲ್ಪ ಮಾಡಿರುತ್ತವೆ. ಆ ಫೈಲು ತೆಗೆಸಿ ನೋಡಿ.

ಆದರೆ ನಮ್ಮ ಜಿಲ್ಲೆಯಲ್ಲಿ ಕೂತು ಈ ಲೆಕ್ಕ ಮಾಡುವಾಗ ಒಂದು ಮಾತು ಬಿಡಬಾರದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿತು. ಕಾರ್ಬನ್ ಲೆಕ್ಕದಲ್ಲಿ ಈ ಕರೆಂಟು ಹೆಚ್ಚುಕಡಿಮೆ ಸೊನ್ನೆ. ಆದರೆ ನೀರಿನಲ್ಲಿ ಮುಳುಗಿದ ಕಣಿವೆಯಿಂದ ಎದ್ದು ಹೋದ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಭದ್ರಾ ಅಭಯಾರಣ್ಯದ ಒಳಗಿದ್ದ ಊರುಗಳೂ 2000ದ ದಶಕದ ಶುರುವಿನಲ್ಲಿ ಹೊರಗೆ ಬಂದವು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅದು ಪಕ್ಕದ ಕಾಡು. ನಿಮ್ಮ ಕೋಷ್ಟಕದಲ್ಲಿ ಇದಕ್ಕೆ ಅಂಕಿ ಹಾಕಲು ಬರುವುದಿಲ್ಲ, ಸರಿ. ಆದರೆ ಅದೇ ಅಧ್ಯಾಯದಲ್ಲಿ ಬರೆಯಲೇಬೇಕು. ಕೇರಿಗೆ ಹೋಗಿ "ಶುದ್ಧ ಇಂಧನ" ಎಂದು ಮಾತು ತೆಗೆದಾಗ ಎದುರು ಕೂತವರ ಮನಸ್ಸಿನಲ್ಲಿ ಮೊದಲು ಬರುವುದು ಆ ನೀರೇ ಆಗಿರಬಹುದು.

ಇನ್ನೊಂದು ಇದಕ್ಕಿಂತ ದೊಡ್ಡ ಆತಂಕ. ಕ್ಯಾಂಪಸ್ಸಿನಲ್ಲಿ ಉಳಿತಾಯ ಮಾಡಿದ ಮೇಲೂ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ. ಆಗ ಯಾರಾದರೂ "ಹೊರಗೆ ನೂರು ಎಕರೆ ನೆಡುತೋಪು ಮಾಡಿ ಸರಿದೂಗಿಸೋಣ" ಎನ್ನುತ್ತಾರೆ. ಮಲೆನಾಡಿನಲ್ಲಿ ಆ ನೂರು ಎಕರೆ ಎಲ್ಲಿಂದ ಬರುತ್ತದೆ? ಯಾರೋ ಸೀಗೆಕಾಯಿ ಕೊಯ್ಯುವ ಗುಡ್ಡ, ಯಾರೋ ದನ ಮೇಯಿಸುವ ಬ್ಯಾಣ ಅದು. ಹಾಸ್ಟೆಲ್ಲಿನ ಗೀಸರಿಗೆ ಬೆಲೆ ಕೊಡುವುದು ಗೀಸರನ್ನೇ ನೋಡದ ಮನೆಯವರು ಆಗಬಾರದು, ಅಲ್ವಾ? ನಿಮ್ಮ ಪ್ರಬಂಧ ಈ ಒಂದು ಶರತ್ತನ್ನು ವಿಶ್ವವಿದ್ಯಾಲಯದ ಯೋಜನೆಯಲ್ಲಿ ಬರೆಸಿದರೂ ಸಾಕು, ನಾನು ಅದನ್ನು ದೊಡ್ಡ ಸಾಧನೆ ಎನ್ನುತ್ತೇನೆ: ಸುತ್ತಲಿನ ಗ್ರಾಮಸಭೆ ಒಪ್ಪದೆ ಕ್ಯಾಂಪಸ್ಸಿನ ಹೊರಗಿನ ಯಾವ ಭೂಮಿಯನ್ನೂ ಲೆಕ್ಕಕ್ಕೆ ಸೇರಿಸಬಾರದು.

ಗಿಡ ನೆಡುವ ವಿಷಯ ನಿಮಗೆ ಒಳ್ಳೆಯ ಬಾಗಿಲು. ಪ್ರತಿ ಜೂನ್ 5ಕ್ಕೆ ಎಲ್ಲ ಕ್ಯಾಂಪಸ್ಸಿನಲ್ಲೂ ಸಸಿ ನೆಡುತ್ತಾರೆ. ನರ್ಸರಿಯಲ್ಲಿ ಸಿಕ್ಕಿದ್ದು ನೆಡುತ್ತಾರೆ. ಮೊದಲಾದರೆ ಅಕೇಶಿಯಾ. ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ತುಂಬಿದ ಕಥೆ ನಿಮಗೆ ಹೇಳಬೇಕಿಲ್ಲ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆ ಕೊಟ್ಟಿದ್ದ ನೆಡುತೋಪಿನ ಗುತ್ತಿಗೆ 2020ರಲ್ಲಿ ಮುಗಿದಾಗ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಎಂದು ಇಲ್ಲಿನ ಜನ ಬೀದಿಗೆ ಬಂದಿದ್ದರು. ಆ ಮರದಡಿ ಮೇವಿಲ್ಲ, ಜೇನಿಗೆ ಹೆಚ್ಚು ಹೂವಿಲ್ಲ, ತಿನ್ನುವ ಹಣ್ಣಿಲ್ಲ. ಕಾರ್ಬನ್ ಕೋಷ್ಟಕದಲ್ಲಿ ಮಾತ್ರ ಅದಕ್ಕೆ ಒಳ್ಳೆಯ ಅಂಕ, ಯಾಕೆಂದರೆ ಬೇಗ ಬೆಳೆಯುತ್ತದೆ.

ಈಗ ಕಾಡಿನ ಹುಟ್ಟುವಳಿ ಆರಿಸುವ ಒಬ್ಬ ಹೆಂಗಸನ್ನು ಕೇಳಿ ನೋಡಿ. ಸಾಲುಧೂಪದ ಬೀಜ ಮಳೆ ಹಿಡಿಯುವ ಹೊತ್ತಿಗೆ ಬೀಳುತ್ತದೆ. ಅದು ಒಣಗಿದರೆ ಮುಗಿಯಿತು, ಮೊಳೆಯುವುದಿಲ್ಲ. ಚೀಲಕ್ಕೆ ತುಂಬಿ ಗೋಡೌನಿನಲ್ಲಿಟ್ಟು ಮುಂದಿನ ವರ್ಷ ಬಿತ್ತೋಣ ಎಂದರೆ ಆಗದು. ರಾಂಪತ್ರೆಯದ್ದೂ ಅದೇ ಸ್ವಭಾವ. ಬಿದ್ದ ಕೆಲವೇ ದಿನದಲ್ಲಿ ಹಸಿ ಮಣ್ಣಿಗೆ ಸೇರಬೇಕು. ಯಾವ ಮರ ಈ ವರ್ಷ ಕಾಯಿ ಬಿಟ್ಟಿದೆ, ಯಾವುದು ಬಿಟ್ಟಿಲ್ಲ, ಮಂಗ ಯಾವ ಕಡೆ ಮೊದಲು ಬರುತ್ತದೆ, ಇದೆಲ್ಲ ಪತ್ರೆ ಆರಿಸುವವರಿಗೆ ಗೊತ್ತಿರುತ್ತದೆ. ನರ್ಸರಿಯ ಟೆಂಡರು ಮಾರ್ಚ್ ಲೆಕ್ಕದಲ್ಲಿ ನಡೆಯುತ್ತದೆ, ಬೀಜ ಮಳೆಯ ಲೆಕ್ಕದಲ್ಲಿ ಬೀಳುತ್ತದೆ. ನಮ್ಮ ಕ್ಯಾಂಪಸ್ಸುಗಳಲ್ಲಿ ಕಾಡುಮರಗಳು ಕಾಣದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಇಂಥ ಸಸಿಗಳಿಗೆ ಮೊದಲ ವರ್ಷಗಳಲ್ಲಿ ನೆರಳು ಬೇಕು. ಬೋಳು ಜಂಬಿಟ್ಟಿಗೆ ನೆಲದಲ್ಲಿ ಒಂಟಿಯಾಗಿ ನೆಟ್ಟರೆ ಏಪ್ರಿಲ್ ಬಿಸಿಲಿಗೆ ಹೋಗುತ್ತವೆ. ಎಲ್ಲಿ ನೇರಳೆ, ಹೊನ್ನೆ, ಮತ್ತಿ ಮೊದಲು ಬರಬೇಕು, ಎಲ್ಲಿ ಮುರುಗಲು, ಉಪ್ಪಾಗೆ, ಹೆಬ್ಬಲಸು ಆಮೇಲೆ ಬರಬೇಕು ಎಂದು ಅವರ ಜೊತೆ ಕ್ಯಾಂಪಸ್ಸಿನೊಳಗೆ ನಡೆದುಕೊಂಡೇ ಗುರುತು ಮಾಡಬಹುದು. ಬೀಜಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡಿ. ಸಸಿ ಬೆಳೆಸುವ ಗುತ್ತಿಗೆಯನ್ನೇ ಕೇರಿಯ ಮಹಿಳಾ ಸಂಘಕ್ಕೆ ಕೊಡಲು ಬರುತ್ತದೆಯೇ ಎಂದು ಎಸ್ಟೇಟ್ ವಿಭಾಗದಲ್ಲಿ ವಿಚಾರಿಸಿ. ಎರಡು ಮಳೆಗಾಲದಲ್ಲಿ ಎಷ್ಟು ಸಸಿ ಉಳಿದವು ಎಂದು ಎಣಿಸಿ, ಪಕ್ಕದಲ್ಲೇ ಮಾಮೂಲಿ ರೀತಿಯಲ್ಲಿ ನೆಟ್ಟಿದ್ದನ್ನೂ ಎಣಿಸಿ. ನಿಮ್ಮ ಗೈಡ್ ಕೇಳುವ ವಿಜ್ಞಾನ ಇದೇ ತಾನೇ?

ನಡೆಯುವಾಗ ಗಿಡ ಮಾತ್ರ ನೋಡಬೇಡಿ. ಅಂಥ ಒಂದು ನಡಿಗೆಯಲ್ಲಿ ಜೊತೆಗಿದ್ದ ಅಜ್ಜ ಒಬ್ಬರು ಒಣಗಿದ ತಗ್ಗಿನಲ್ಲಿ ನಿಂತು, ಮುಂಡಿಗೆಯ ನಾಲ್ಕು ಬುಡ ತೋರಿಸಿ "ಇಲ್ಲಿ ಒರತೆ ಇತ್ತು, ಮೇಲೆ ಯಾರು ಮಣ್ಣು ತುಂಬಿದ್ರು?" ಎಂದು ಕೇಳಿದ್ದು ನನ್ನ ಕಿವಿಯಲ್ಲಿದೆ. ಮೇಲೆ ಪಾರ್ಕಿಂಗ್ ಮಾಡಿದ್ದರು. ಮುಂಡಿಗೆ ನೀರಿನ ಪಸೆ ಇರುವ ಕಡೆ ಬರುವ ಗಿಡ. ಮೂರು ತಿಂಗಳು ಎಡೆಬಿಡದೆ ಸುರಿದು, ಮಾರ್ಚಿಗೆ ಟ್ಯಾಂಕರ್ ತರಿಸುವ ಕ್ಯಾಂಪಸ್ಸಿಗೆ ಇಂಥ ಜಾಗಗಳ ನಕ್ಷೆ ಬೇಕು. ಕಟ್ಟಡ ಸಮಿತಿಯ ಮುಂದೆ ಆ ನಕ್ಷೆ ಹೋಗಬೇಕು. ಬ್ಯಾಣವನ್ನೂ ಅದರಲ್ಲಿ ಗುರುತು ಮಾಡಿ. ಅದು ಖಾಲಿ ಜಾಗ ಅಲ್ಲ, ಹುಲ್ಲಿನ ನೆಲ. ಅಲ್ಲಿ ಮರ ನೆಟ್ಟರೆ ಮೇವೂ ಹೋಗುತ್ತದೆ, ಆ ಹುಲ್ಲನ್ನೇ ನಂಬಿದ ಹಕ್ಕಿಗಳೂ ಹೋಗುತ್ತವೆ.

ದರಕಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಬೇಸಗೆಯಲ್ಲಿ ಕ್ಯಾಂಪಸ್ಸಿನ ಒಣ ಎಲೆ ಗುಡಿಸಿ ರಾಶಿ ಹಾಕಿ ಬೆಂಕಿ ಕೊಡುವುದನ್ನು ನಾಳೆಯೇ ನಿಲ್ಲಿಸಬಹುದು. ಮಲೆನಾಡಿನ ಯಾವ ಮನೆಯವರೂ ದರಕನ್ನು ಕಸ ಎನ್ನುವುದಿಲ್ಲ.

ಇಲ್ಲಿಯವರೆಗೆ ಕ್ಯಾಂಪಸ್ಸು ಅವರಿಂದ ಪಡೆಯುವುದನ್ನೇ ಹೇಳಿದೆ. ತಿರುಗಿ ಏನು ಕೊಡುತ್ತದೆ? ಇದು ನಿಮ್ಮ ಪ್ರಬಂಧದ ಅತಿ ಗಟ್ಟಿಯಾದ ಭಾಗ ಆಗಬಹುದು. ಕಾಡಿನ ಹುಳಿ ಹಣ್ಣು ಉಪ್ಪಾಗೆಯನ್ನೇ ತಗೊಳ್ಳಿ. ಅದು ಹಣ್ಣಾಗುವುದು ಜೂನಿನಿಂದ ಆಗಸ್ಟ್, ಸರಿಯಾಗಿ ಮಳೆ ಹೊಡೆಯುವ ಹೊತ್ತು. ಬಿಸಿಲಿಲ್ಲ. ಹಾಗಾಗಿ ಸಿಪ್ಪೆ ಬಿಡಿಸಿ ಬೆಂಕಿಯ ಮೇಲೆ ಒಣಗಿಸಬೇಕು. ಹೊಸನಗರದ ಕಡೆ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮನೆಯ ಹಿಂದೆ ಪ್ಲಾಸ್ಟಿಕ್ ಹೊದೆಸಿದ ಚಪ್ಪರ. ಕೆಳಗೆ ದೊಡ್ಡ ಕುಂಟೆಗಳ ಬೆಂಕಿ, ಮೇಲೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಹಳದಿ ಸಿಪ್ಪೆ. ಕೆಂಡ ಜಾಸ್ತಿಯಾದರೆ ಸಿಪ್ಪೆ ಸುಡುತ್ತದೆ, ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ಆ ತಾಯಿ ರಾತ್ರಿಯಿಡೀ ಎದ್ದು ಎದ್ದು ಕೈಯಲ್ಲೇ ಮಗುಚುತ್ತಿದ್ದರು. ಹೊಗೆಗೆ ಕಣ್ಣು ಕೆಂಪಾಗಿತ್ತು. ಬೆಳಿಗ್ಗೆ ಸಿಪ್ಪೆ ಕಪ್ಪಗಾಗಿ ಮುದುಡಿತ್ತು, ಆದರೂ ಬೆರಳಲ್ಲಿ ಒತ್ತಿ ನೋಡಿ "ಇನ್ನೊಂದು ರಾತ್ರಿ ಬೇಕು" ಎಂದರು. ಬೀಜ ಬೇರೆ ಇಟ್ಟಿದ್ದರು, ಅದರಿಂದ ತುಪ್ಪ ತೆಗೆಯುತ್ತಾರೆ. ಇಷ್ಟಕ್ಕೆ ಸುಡುವ ಸೌದೆ ಎಷ್ಟು ಎಂದು ಚಪ್ಪರದ ಪಕ್ಕದ ರಾಶಿಯೇ ಹೇಳುತ್ತಿತ್ತು.

ಇಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಕೆಲಸ ಇದೆ. ಕಡಿಮೆ ಸೌದೆಯಲ್ಲಿ, ಹೊಗೆ ಹೊರಗೆ ಹೋಗುವಂತೆ ಒಣಗಿಸುವ ಒಲೆ ಮಾಡುವುದು ಆಗದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳ ಅಡುಗೆಮನೆ ಸೇರಿತ್ತು. ಒಣಗಿಸುವ ಒಲೆಗಳ ಮೇಲೂ ಮಲೆನಾಡಿನಲ್ಲಿ ಕೆಲಸ ಆಗಿದೆ. ನೀವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಇರುವುದನ್ನು ತಂದು, ಕೇರಿಯ ಹೆಂಗಸರ ಕೈಗೆ ಕೊಟ್ಟು, ಅವರು ಹೇಳಿದಂತೆ ತಿದ್ದಿ, ಮೊದಲು ಮತ್ತು ಆಮೇಲೆ ಎಷ್ಟು ಸೌದೆ ಎಂದು ತೂಕ ಮಾಡಿ. ಆದರೆ ಒಲೆಯಿಂದ ಎಲ್ಲ ಸರಿಹೋಗುವುದಿಲ್ಲ. ಉಪ್ಪಾಗೆಗೆ ಬೆಲೆ ಏರಿದ ವರ್ಷಗಳಲ್ಲಿ ಎಳೆಗಾಯಿಯನ್ನೇ ಕೊಯ್ದರು, ಕೊಂಬೆಯನ್ನೇ ಕಡಿದರು. ಯಾಕೆ? ನಾನು ಹಣ್ಣಾಗುವವರೆಗೆ ಬಿಟ್ಟರೆ ನಾಳೆ ಬೇರೆಯವರು ಕೊಯ್ಯುತ್ತಾರೆ ಎಂಬ ಹೆದರಿಕೆ. ಮರ ಯಾರದ್ದು ಎಂಬ ಪ್ರಶ್ನೆ ಬಗೆಹರಿಯದೆ ಮರ ಉಳಿಸುವ ತಿಳುವಳಿಕೆ ಕೆಲಸಕ್ಕೆ ಬರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಕೊಡುತ್ತದೆ. ಅದರ ಅರ್ಜಿ ಆ ಕೇರಿಯಲ್ಲಿ ಯಾವ ಹಂತದಲ್ಲಿದೆ ಎಂದು ತಿಳಿಯದೆ ನೀವು ಪ್ರಶ್ನಾವಳಿ ಹಿಡಿದು ಹೋಗಬಾರದು.

ಗೈಡ್ ಹೇಳಿದ "ವಿಜ್ಞಾನ ಅಲ್ಲ" ಎಂಬ ಮಾತಿಗೆ ಬಿಳಿಗಿರಿರಂಗನ ಬೆಟ್ಟದ ಉದಾಹರಣೆ ಕೊಡಿ. ಅಲ್ಲಿನ ಸೋಲಿಗರು ಬೇಸಗೆಯ ಶುರುವಿನಲ್ಲೇ ನೆಲದ ಎಲೆಗೆ ತೆಳುವಾಗಿ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ. 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಕಾಡು ತುಂಬಿತು, ನೆಲ್ಲಿ ಮರಗಳಿಗೆ ಬದನಿಕೆ (ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ) ಜಾಸ್ತಿಯಾಯಿತು ಎಂದು ಸೋಲಿಗರು ಹೇಳುತ್ತಲೇ ಬಂದರು. ಪರಿಸರ ವಿಜ್ಞಾನಿಗಳು ಆ ಮಾತನ್ನು ಪರೀಕ್ಷೆಗೆ ತಗೊಂಡು, ಕಾಡಿನಲ್ಲಿ ಅಳೆದು, ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದರು. ಆ ಬರಹಗಾರರಲ್ಲಿ ಸೋಲಿಗರೇ ಆದ ಡಾ. ಸಿ. ಮಾದೇಗೌಡರೂ ಇದ್ದಾರೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಮೊದಲು ಸಿಕ್ಕಿದ್ದೂ ಸೋಲಿಗರಿಗೇ, 2011ರಲ್ಲಿ. ಒಂದು ಎಚ್ಚರ: ಅದು ಎಲೆ ಉದುರುವ ಒಣಕಾಡಿನ ಪದ್ಧತಿ. ತೀರ್ಥಹಳ್ಳಿ, ಆಗುಂಬೆಯ ನಿತ್ಯಹಸುರಿನ ಕಾಡಿಗೆ ಎತ್ತಿ ತಂದರೆ ಅನಾಹುತ. ಒಂದು ಕಡೆಯ ಆದಿವಾಸಿಗಳ ಮಾತನ್ನು ಎಲ್ಲ ಕಡೆಯ ಆದಿವಾಸಿಗಳ ಮಾತು ಮಾಡಬಾರದು ಎನ್ನುವುದಕ್ಕೂ ಇದೇ ಉದಾಹರಣೆ.

ಮಳೆಯ ವಿಷಯದಲ್ಲೂ ಹೀಗೆ ಜೊತೆಯಾಗಿ ಅಳೆಯಬಹುದು. ನಮ್ಮಲ್ಲಿ ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ನೆನಪಿಡುತ್ತಾರೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎಂಬ ಗಾದೆ ನಿಮಗೂ ಗೊತ್ತು. ಈ ಲೆಕ್ಕ ಎಲ್ಲ ರೈತರದ್ದು. ಆದಿವಾಸಿ ಮನೆಗಳಲ್ಲಿ ಇದರ ಜೊತೆ ಇನ್ನೊಂದು ಸಾಲು ಇರುತ್ತದೆ: ಯಾವ ಮಳೆಗೆ ಹುತ್ತದ ಅಣಬೆ ಏಳುತ್ತದೆ, ಯಾವಾಗ ಕಳಲೆ ಮುರಿಯಬೇಕು, ತುಡುವೆ ಜೇನು ಯಾವಾಗ ಹಿಸ್ಸೆಯಾಗಿ ಹೊಸ ಗೂಡಿಗೆ ಹೋಗುತ್ತದೆ, ಹೆಜ್ಜೇನು ಯಾವಾಗ ಮರ ಬಿಡುತ್ತದೆ. ನಿಮ್ಮ ಹತ್ತಿರದ ಮಳೆಮಾಪನ ಕೇಂದ್ರದ ದಿನದ ಅಂಕಿಗಳನ್ನು ತಂದು ಇದೇ ನಕ್ಷತ್ರಗಳ ಪ್ರಕಾರ ಕೂಡಿಸಿ ನೋಡಿ. ತಿಂಗಳ ಸರಾಸರಿಯಲ್ಲಿ ಮುಚ್ಚಿಹೋಗುವ ಬದಲಾವಣೆ ಅಲ್ಲಿ ಕಾಣಬಹುದು. ಕಾಣದಿದ್ದರೆ ಅದನ್ನೂ ಬರೆಯಿರಿ, ಕೇರಿಯವರಿಗೂ ಹೇಳಿ. ಸಾಗರ, ಸೊರಬದ ಕಡೆ ವರದಾ ನದಿಯ ನೆರೆಗೆ ನಿಲ್ಲುವ ನೆರೆಗುಳಿ, ಏಡಿಕುಣಿಯಂಥ ಭತ್ತದ ತಳಿಗಳಿವೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆ ಭತ್ತ ಬಲ್ಲವರನ್ನು ಜೊತೆಗೆ ಹಿಡಿದರೆ ಮೆಸ್ಸಿನ ಅಕ್ಕಿಯವರೆಗೂ ಈ ದಾರಿ ಹೋಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2022ರ ವರದಿ ಮೂಲನಿವಾಸಿಗಳ ತಿಳುವಳಿಕೆಯನ್ನು ಹವಾಮಾನ ಹೊಂದಾಣಿಕೆಗೆ ಬೇಕಾದ ಜ್ಞಾನ ಎಂದೇ ಒಪ್ಪಿದೆ. ಗೈಡಿಗೆ ಅದನ್ನೂ ತೋರಿಸಿ, ಜಗಳ ಆಡಬೇಡಿ. ಸಹ ಮಾರ್ಗದರ್ಶಕರಾಗಿ ಸಮಾಜಶಾಸ್ತ್ರದ ಒಬ್ಬರು ಬೇಕು ಎಂದು ನೀವೇ ಕೇಳಿಕೊಳ್ಳಿ. ಅವರ ಆತಂಕಕ್ಕೂ ಅದು ಉತ್ತರ.

ಹೊರಗಿನ ಕ್ಯಾಂಪಸ್ಸುಗಳನ್ನು ನೋಡಬೇಕೆಂದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಓದಿ. ಅದರ ವ್ಯಾಂಕೂವರ್ ಕ್ಯಾಂಪಸ್ಸು ಮಸ್ಕ್ವಿಯಮ್ ಎಂಬ ಮೂಲನಿವಾಸಿ ಜನ ಯಾವತ್ತೂ ಬಿಟ್ಟುಕೊಡದ ನೆಲದ ಮೇಲಿದೆ ಎಂದು ವಿಶ್ವವಿದ್ಯಾಲಯವೇ ಹೇಳುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಬಳ ಕೊಟ್ಟು ಸುಸ್ಥಿರತೆಯ ಕೆಲಸ ಮಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಈ ಎರಡನೆಯದು ನಮಗೆ ಬೇಕು. ಮೊದಲನೆಯದು ಬರೀ ಸಭೆಯ ಶುರುವಿನಲ್ಲಿ ಓದುವ ಸಾಲಾದರೆ ಪ್ರಯೋಜನ ಕಡಿಮೆ.

ಇನ್ನು ಒಪ್ಪಿಗೆಯ ವಿಷಯ. ಇದರಲ್ಲಿ ಅವಸರ ಬೇಡವೇ ಬೇಡ. ಕೇರಳದ ಕಾಣಿ ಜನರ ಕಥೆ ತಿಳಿದುಕೊಳ್ಳಿ. 1987ರಲ್ಲಿ ಅಗಸ್ತ್ಯ ಬೆಟ್ಟಕ್ಕೆ ಹೋದ ವಿಜ್ಞಾನಿಗಳಿಗೆ ದಾರಿ ತೋರಿ ಜೊತೆಗೆ ಬಂದಿದ್ದ ಕಾಣಿಗಳು ಒಂದು ಕಾಯಿ ತಿಂದು ದಣಿವಿಲ್ಲದೆ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ಅದರಿಂದ ಜೀವನಿ ಎಂಬ ಔಷಧಿ ಬಂತು, 1995ರಲ್ಲಿ ಒಂದು ಕಂಪನಿಗೆ ತಯಾರಿಕೆಯ ಹಕ್ಕು ಹೋಯಿತು. ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಎಂದು ತೀರ್ಮಾನವಾಯಿತು, 1997ರಲ್ಲಿ ಟ್ರಸ್ಟ್ ಆಯಿತು. ಇದನ್ನು ಲೋಕವೆಲ್ಲ ಹೊಗಳಿತು. ಆದರೂ ಕಾಣಿಗಳಲ್ಲೇ ಕೆಲವರು "ನಮ್ಮನ್ನು ಕೇಳಲೇ ಇಲ್ಲ" ಎಂದರು. ಒಂದಿಬ್ಬರು ಹೇಳಿದ್ದು ಇಡೀ ಸಮುದಾಯದ ಒಪ್ಪಿಗೆ ಆಗುವುದಿಲ್ಲ. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ತಮ್ಮ ಬಳಿ ಬರುವ ಸಂಶೋಧಕರಿಗೆ ತಾವೇ ನಿಯಮ ಬರೆದರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ. ನಿಮ್ಮ ಕೇರಿಯವರೂ ತಮ್ಮ ನಿಯಮ ಹೇಳಲಿ. ಅದನ್ನು ಅನುಬಂಧದಲ್ಲಿ ಹಾಕಿ, ಅದರಂತೆ ನಡೆಯಿರಿ.

ನಮ್ಮ ಕಾನೂನಿನಲ್ಲೂ ಹಿಡಿತ ಇದೆ. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಪಾರಂಪರಿಕ ತಿಳುವಳಿಕೆಯ ಮೇಲೆ ಸಮುದಾಯಕ್ಕೆ ಹಕ್ಕು ಕೊಡುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮೊದಲು ಪಂಚಾಯ್ತಿಗೆ ಹೋಗಿ ಆ ದಾಖಲಾತಿ ಓದಿ. ಅದರಲ್ಲಿ ಆಗಲೇ ಇರುವುದನ್ನು ಮತ್ತೆ ಕೇಳಿ ಜನರ ಹೊತ್ತು ಕಳೆಯಬೇಡಿ. ಕೇರಿಯವರ ಹೆಸರೇ ಇಲ್ಲದೆ ಅವಸರದಲ್ಲಿ ತುಂಬಿದ ದಾಖಲಾತಿಯಾದರೆ, ಅದನ್ನು ಅವರ ಜೊತೆ ಕೂತು ಸರಿಮಾಡುವುದೇ ನೀವು ತಿರುಗಿ ಕೊಡುವ ಕೆಲಸ ಆಗಬಹುದು. ಔಷಧಿ ಗಿಡಗಳ ಬಗ್ಗೆ ಕೇಳಲೇಬೇಡಿ ಎಂದು ನನ್ನ ಸಲಹೆ. ನಿಮ್ಮ ವಿಷಯಕ್ಕೆ ಅದು ಬೇಕಿಲ್ಲ. ತಾವಾಗೇ ಹೇಳಿದರೂ ಗಿಡ ಇರುವ ಜಾಗ ಪ್ರಬಂಧದಲ್ಲಿ ಬರಬಾರದು. ಒಪ್ಪಿಗೆ ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಎಲ್ಲರೂ ಕೂತಾಗ ಕೇಳಿ. ಆಮೇಲೆ ಬೇಡವೆನಿಸಿದರೆ ಹಿಂದೆ ತಗೊಳ್ಳಬಹುದು ಎಂದು ಹೇಳಿ. ರೆಕಾರ್ಡಿಂಗಿನ ಒಂದು ಪ್ರತಿ ಅವರಿಗೆ ಕೊಡಿ.

ಹೋಗುವ ಕಾಲವೂ ಮುಖ್ಯ. ಅಕ್ಟೋಬರಿನಿಂದ ಜನವರಿವರೆಗೆ ಅಡಿಕೆ ಕೊಯ್ಲು. ಹಗಲು ತೋಟ, ರಾತ್ರಿ ಸುಲಿಯುವ ಕೆಲಸ. ಆ ದಿನಗಳಲ್ಲಿ ಒಬ್ಬರನ್ನು ಎರಡು ಗಂಟೆ ಕೂರಿಸಿಕೊಂಡರೆ ಅವರ ಕೂಲಿ ಹೋಯಿತು. ಯಾವಾಗ ಹೋದರೂ ಅವರ ಸಮಯಕ್ಕೆ ಆ ದಿನದ ಕೂಲಿಯಷ್ಟಾದರೂ ಕೊಡಿ. ತಜ್ಞರನ್ನು ಕ್ಯಾಂಪಸ್ಸಿಗೆ ಕರೆಸಿದರೆ ಗೌರವಧನ ಕೊಡುತ್ತೇವಲ್ಲ, ಅದೇ ದರ ಕೊಡಲು ನಿಯಮ ಇದೆಯೇ ಕೇಳಿ. ಇಲ್ಲದಿದ್ದರೆ ಮಾಡಿಸಿ. ಗಂಡಸರ ಜೊತೆ ಮಾತ್ರ ಮಾತಾಡಿ ಬರಬೇಡಿ. ಕಳಲೆಯನ್ನು ಎಷ್ಟು ದಿನ ನೀರು ಬದಲಿಸಿ ನೆನೆಸಬೇಕು, ಯಾವ ಕೆಸುವು ತುರಿಸುತ್ತದೆ, ಬರಗಾಲದಲ್ಲಿ ಏನು ತಿಂದೆವು, ಇದು ಹೆಂಗಸರಿಗೆ ಗೊತ್ತು.

ನಿಮ್ಮ ಗೆಳತಿಯ ಬಗ್ಗೆ ಒಂದು ಮಾತು. ಅವಳನ್ನು ಕೇರಿಗೆ ಹೋಗುವ ದಾರಿ ಎಂದು ನೋಡಬೇಡಿ. ಅವಳು ಏನು ಓದುತ್ತಿದ್ದಾಳೆ, ಅವಳಿಗೆ ಏನು ಆಸೆ ಎಂದು ನೀವು ಬರೆದಿಲ್ಲ. ಅವಳಿಗೆ ಈ ವಿಷಯದಲ್ಲಿ ಆಸಕ್ತಿ ಇಲ್ಲದೆಯೂ ಇರಬಹುದು, ಅದು ಅವಳ ಇಷ್ಟ. ಆಸಕ್ತಿ ಇದ್ದರೆ ಅವಳಿಗೆ ಸಹಾಯಕಿಯ ಕೆಲಸ ಕೊಡಬೇಡಿ. ಲೇಖನದಲ್ಲಿ ಹೆಸರು, ಯೋಜನೆಯಲ್ಲಿ ಸಂಬಳ, ಮುಂದೆ ಅವಳದೇ ಪ್ರಬಂಧಕ್ಕೆ ದಾರಿ ಸಿಗಬೇಕು. ಕ್ಯಾಂಪಸ್ಸಿನ ಹವಾಮಾನ ಸಮಿತಿಯಲ್ಲಿ ಆದಿವಾಸಿ ವಿದ್ಯಾರ್ಥಿಗಳಿಗೂ ಸುತ್ತಲಿನ ಕೇರಿಗಳಿಗೂ ಮತ ಹಾಕುವ ಸ್ಥಾನ ಕೊಡಿ ಎಂದು ಬರೆದು ಕೊಡಿ. ವಿಶೇಷ ಆಹ್ವಾನಿತರು ಎಂದು ಮಾಡಿ ಕೂರಿಸಿದರೆ ಅವರು ಬೇಡ ಎಂದಿದ್ದು ನಡಾವಳಿಯಲ್ಲಿ ಬರುವುದೇ ಇಲ್ಲ.

ಸಮಯ ನಿಮ್ಮ ಕೈಯಲ್ಲಿದೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು. ಮೊದಲ ಮಳೆಗಾಲ ಸುಮ್ನೆ ಹೋಗಿ ಬನ್ನಿ, ನೋಟ್‌ಬುಕ್ ತೆಗೆಯಬೇಡಿ. ಸಿನಾಪ್ಸಿಸ್‌ನ ಕರಡನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಕೇರಿಯಲ್ಲಿ ಓದಿ ಹೇಳಿ, ಅವರು ತಿದ್ದಿದ ಮೇಲೆ ವಿಶ್ವವಿದ್ಯಾಲಯಕ್ಕೆ ಕೊಡಿ. ಬಜೆಟ್ ಪುಟದಲ್ಲಿ ಮೂರು ಸಾಲು ಈಗಲೇ ಸೇರಿಸಿ: ಕೇರಿಯವರ ಸಮಯಕ್ಕೆ ಕೂಲಿ, ಪ್ರಬಂಧದ ಕನ್ನಡ ಸಾರಾಂಶದ ಮುದ್ರಣ, ಮತ್ತು ಡಿಗ್ರಿ ಬಂದ ಮುಂದಿನ ವರ್ಷ ಮತ್ತೆ ಹೋಗಿ ಅದನ್ನು ಓದಿ ಹೇಳುವ ಪ್ರಯಾಣದ ಖರ್ಚು. ಆ ಕರಡು ತಯಾರಾದಾಗ ನನಗೂ ಒಂದು ಪ್ರತಿ ಕಳಿಸಿ, ಓದಿ ಬರೆಯುತ್ತೇನೆ.